ಎಡಗಡೆ ಸೀಟಿನ ಬ್ರೇಕು

ಭಾನುವಾರ, ಊಟ ಮುಗಿಸಿ

ಅಕ್ಕಾ,

ನಾನು ಚೆನ್ನಾಗಿದ್ದೇನೆ. ನೀನೂ ಭಾವನೂ ಚೆನ್ನಾಗಿದ್ದೀರೆಂದು ಭಾವಿಸಿದ್ದೇನೆ. ಹೀಗೆ ಭಾವನನ್ನು ಪಕ್ಕದಲ್ಲಿಟ್ಟುಕೊಂಡು ‘ಭಾವಿಸುವ’ ಅವಕಾಶಕ್ಕಾಗಿ ನಾನು ಎಷ್ಟು ವರ್ಷ ಕಾದೆ! ನೀನು ನಲವತ್ತೊಂಬತ್ತನೇ ವಯಸ್ಸಿನಲ್ಲಿ ಕನ್ನಡಕದ ಅಂಗಡಿಯವರನ್ನು ಮದುವೆಯಾಗಿ, ಒಂದು ಹಳೆಯ ಶ್ಲೇಷೆಗೆ ಕೊನೆಗೂ ಜೀವ ಕೊಟ್ಟೆ.

ನಿನ್ನ ಕಾಗದ ಬಂತು. ಅಂಗಡಿಯ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿದ್ದೀರಿ, ನನ್ನ ಪುಸ್ತಕಗಳಿಗೆಂದು ಭಾವ ತಾವೇ ಹಲಗೆ ಕೊಯ್ದು ಕಪಾಟು ಮಾಡಿದ್ದಾರೆ, ನರ್ಸರಿ ಮುಚ್ಚಿ ಬಂದುಬಿಡು ಅಂತ ಬರೆದಿದ್ದೀಯ. ‘ಬರ್ತೀಯೋ ಇಲ್ವೋ, ಒಂದೇ ಮಾತಲ್ಲಿ ಹೇಳು’ ಅಂತ ಕೊನೆಗೆ ಗೆರೆ ಬೇರೆ ಎಳೆದಿದ್ದೀಯ. ಒಂದೇ ಮಾತಿನಲ್ಲಿ ನಾನು ಯಾವತ್ತಾದರೂ ಏನನ್ನಾದರೂ ಹೇಳಿದ್ದುಂಟೆ? ಫೋನಿನಲ್ಲಾದರೆ ನೀನು ಅರ್ಧಕ್ಕೇ ತಡೆದು ‘ಇರು, ನಾನೇ ಬಂದು ಕರ್ಕೊಂಡು ಹೋಗ್ತೀನಿ’ ಅನ್ನುತ್ತೀಯ. ಅದಕ್ಕೇ ಕಾಗದ. ಉತ್ತರ ಕೊಡುತ್ತೇನೆ, ಆದರೆ ಮೊದಲು ಗಾಡಿಯ ವಿಷಯ.

ಹೌದು, ಗಾಡಿ. ಸೆಕೆಂಡ್ ಹ್ಯಾಂಡ್ ಪಿಕಪ್ ಒಂದನ್ನು ನೋಡುತ್ತಿದ್ದೇನೆ. ನೀನು ಹೋದ ಮೇಲೆ ಸಸಿಗಳನ್ನು ಬಾಡಿಗೆ ಗಾಡಿಯಲ್ಲಿ ಕಳಿಸುತ್ತಿದ್ದೆ. ಅದರ ಡ್ರೈವರ್ ಪುಣ್ಯಾತ್ಮ ಗುಲಾಬಿ ಕುಂಡವನ್ನೂ ಇಟ್ಟಿಗೆಯನ್ನೂ ಒಂದೇ ಪ್ರೀತಿಯಿಂದ ಎಸೆಯುತ್ತಾನೆ. ಮಣ್ಣು, ಗೊಬ್ಬರ, ಕುಂಡ ಹೊರುವುದಕ್ಕೂ ಆಗಬೇಕು. ನಾನು ಹಲ್ಲಿನ ಡಾಕ್ಟರ ಬಳಿಗೆ, ತರಕಾರಿಗೆ, ಕ್ಷೌರಕ್ಕೆ ಹೋಗುವುದಕ್ಕೂ ಆಗಬೇಕು. ನಮ್ಮಂಥವರಿಗೆ ಹೊರುವ ಗಾಡಿ ಒಂದು, ತಿರುಗುವ ಗಾಡಿ ಒಂದು ಎಲ್ಲಿಂದ ಬರಬೇಕು?

ನೀನೀಗ ನಗುತ್ತಿದ್ದೀಯ. ಗಾಡಿ ಓಡಿಸುವವರು ಯಾರಪ್ಪಾ ಅಂತ. ನಿಜ. ಇಷ್ಟು ವರ್ಷ ನೀನು ಗಾಡಿ ಓಡಿಸಿದೆ, ನಾನು ಎಡಗಡೆ ಕೂತು ಗಿರಾಕಿಗಳನ್ನು ಓಡಿಸಿದೆ. ಚಿಂತೆ ಬೇಡ, ಓಡಿಸುವ ಒಬ್ಬನನ್ನು ಗೊತ್ತುಮಾಡಿಕೊಂಡಿದ್ದೇನೆ. ಇನ್ನು ಒಂಟಿತನ ಅಂತ ಬರೆದಿದ್ದೀಯಲ್ಲ, ಅದರ ಪ್ರಶ್ನೆಯೇ ಇಲ್ಲ. ಎದುರುಗಡೆಯ ದರ್ಜಿ ದಿನಾ ಸಂಜೆ ಬಂದು ಕೂತು ತಲೆ ತಿನ್ನುತ್ತಾನೆ.

ಗಾಡಿ ಪರೀಕ್ಷೆಗೆ ನಮ್ಮ ಹೂಂ ಮೇಸ್ತ್ರಿಯನ್ನೇ ಕರೆದುಕೊಂಡು ಹೋದೆ. ನಮ್ಮ ಹಳೆಯ ಗಾಡಿ ಗೊರಕೆಯ ಹೊಟ್ಟೆಯೊಳಗೆ ತಲೆ ಹಾಕಿಯೇ ಅರ್ಧ ಆಯುಷ್ಯ ಕಳೆದ ಮನುಷ್ಯ. ಮಾತು ಮಾತ್ರ ಅದೇ, ಹೂಂ. ಬೇಡ ಅನ್ನುವುದಕ್ಕೂ ಹೂಂ, ಬೇಕು ಅನ್ನುವುದಕ್ಕೂ ಹೂಂ. ಉದ್ದ ನೋಡಿ ಅರ್ಥ ಮಾಡಿಕೊಳ್ಳಬೇಕು.

ಮೊದಲನೆಯದು ಒಬ್ಬ ರಿಟೈರ್ಡ್ ಬ್ಯಾಂಕ್ ಮ್ಯಾನೇಜರದು. ಗಾಡಿಗೆ ಮಡಿಲ ಮಗುವಿಗೆ ಹೊದಿಸಿದ ಹಾಗೆ ಹೊದಿಕೆ ಹೊದಿಸಿದ್ದರು. ‘ಬಾಡಿ ನೋಡಿ ಸಾರ್, ಬಾಡಿ!’ ಅಂತ ತಟ್ಟಿ ತಟ್ಟಿ ತೋರಿಸಿದರು. ಗಿಡ ಮಾರುವವನ ಮುಂದೆ ಬಾಡಿ ಬಾಡಿ ಅಂದರೆ ಏನಾಗಬೇಡ! ಕೈ ತಾನಾಗಿ ನೀರಿನ ಕ್ಯಾನು ಹುಡುಕಿತು. ಮೇಸ್ತ್ರಿ ಬಾನೆಟ್ಟಿನ ಮೇಲೆ ಅಂಗೈ ಇಟ್ಟ. ಬೆಚ್ಚಗಿತ್ತು. ನಾವು ಬರುವ ಮೊದಲೇ ಎಂಜಿನ್ ಕಾಯಿಸಿಟ್ಟಿದ್ದಾರೆ, ತಣ್ಣಗಿರುವಾಗ ಎಷ್ಟು ಕೆಮ್ಮುತ್ತದೋ ಗೊತ್ತಾಗದ ಹಾಗೆ. ಮೇಸ್ತ್ರಿಯಿಂದ ಒಂದು ಉದ್ದನೆಯ ಹೂಂ.

ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಹಿಂದಿನ ಹಲಗೆ ಒಬ್ಬರೇ ಎತ್ತಿ ಮುಚ್ಚಬಹುದಾ?’

‘ಅದ್ಯಾಕೆ ಸಾರ್ ಒಬ್ಬರೇ? ಒಂದು ಕಡೆ ನೀವು ಹಿಡೀರಿ, ಇನ್ನೊಂದು ಕಡೆ ಮನೆಯವರು ಹಿಡೀತಾರೆ.’

‘ಮನೆ ಇದೆ. ಮನೆಯವರಿಲ್ಲ,’ ಅಂದೆ. ಅವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ನೀನಿದ್ದಿದ್ದರೆ ನಗುತ್ತಿದ್ದೆ.

ಗೊರಕೆಯ ಹಲಗೆ ನೆನಪಿದೆಯಲ್ಲ? ಎರಡೂ ತುದಿಗೆ ಕೊಂಡಿ. ಎರಡನ್ನೂ ಒಂದೇ ಸಲ ಸಿಕ್ಕಿಸದಿದ್ದರೆ ಒಂದು ಹಾಕುವಷ್ಟರಲ್ಲಿ ಇನ್ನೊಂದು ಜಾರುತ್ತಿತ್ತು. ಬಲಗಡೆ ನಿನ್ನದು, ಎಡಗಡೆ ನನ್ನದು. ‘ಎತ್ತು’ ಅಂತ ನೀನು, ‘ಎತ್ತು ನೀನು, ನಾನು ಬರೀ ತಮ್ಮ’ ಅಂತ ನಾನು. ದಿನಾ ಅದೇ ಜೋಕು. ಎದುರಿಗೆ ದರ್ಜಿ ಇದ್ದಾನಲ್ಲ, ಅವನನ್ನು ಕರಿ ಅನ್ನುತ್ತೀಯ. ಇದ್ದಾನೆ. ಪಾಪ, ಅವನಿಗೆ ಸೊಂಟ ನೋವು.

ಎರಡನೆಯ ಗಾಡಿ ಒಬ್ಬ ಹಾರ್ಡ್‌ವೇರ್ ಅಂಗಡಿಯಾಕೆಯದು. ಎರಡು ಸಾಲು ಸೀಟು. ‘ನಿಮ್ಮ ಫ್ಯಾಮಿಲಿ ಪೂರ್ತಿ ಆರಾಮಾಗಿ ಕೂರಬಹುದು, ಕೂತು ನೋಡಿ’ ಅಂದರು. ಕೂತೆ. ಮುಂದೆ ಕೂತೆ, ಹಿಂದೆ ಕೂತೆ, ಆ ಕಿಟಕಿ, ಈ ಕಿಟಕಿ, ನಡುವೆ. ನನ್ನ ಫ್ಯಾಮಿಲಿ ಪೂರ್ತಿ ಆರಾಮಾಗಿ ಕೂತಿತು, ಸರದಿಯಲ್ಲಿ. ಸೀಟೇ ಅಷ್ಟು ಜಾಗ ನುಂಗಿದ ಮೇಲೆ ಹಿಂದುಗಡೆ ಉಳಿದದ್ದು ಒಂದು ಮಂಚದಷ್ಟು. ಒಂದು ಮಾವಿನ ಸಸಿ ಕಾಲು ಚಾಚಿ ಮಲಗಿದರೆ ಮುಗಿಯಿತು. ಮೇಸ್ತ್ರಿಗೆ ಎಂಜಿನ್ ಹಿಡಿಸಿತ್ತು, ಚಿಕ್ಕ ಹೂಂ ಕೊಟ್ಟ. ನಾನೇ ಬೇಡವೆಂದೆ. ಖಾಲಿ ಸೀಟುಗಳನ್ನು ಸಾಗಿಸುವುದಕ್ಕೆ ಡೀಸೆಲ್ ಯಾಕೆ ಸುಡಬೇಕು?

ಮೂರನೆಯದನ್ನು ನಿಧಾನವಾಗಿ ಓದು.

ಗೂಡ್ಸ್ ಸ್ಟೇಷನ್ನಿನ ಹಿಂದಿನ ಹಳೇ ಗಾಡಿಗಳ ಯಾರ್ಡಿಗೆ ಹೋಗಿದ್ದೆವು. ಅಲ್ಲಿನ ದಲ್ಲಾಳಿಗೆ ಬಾಯಲ್ಲಿ ಬೆಲ್ಲದ ಮೂಟೆ. ಒಂದು ನೀಲಿ ಗಾಡಿಯ ಮುಂದೆ ನಿಲ್ಲಿಸಿ, ‘ಇದು ನೋಡಿ, ಸಿಂಗಲ್ ಲೇಡೀಸ್ ಹ್ಯಾಂಡ್. ಬರೀ ಮಾರ್ಕೆಟ್ಟಿಗೆ ಹೋಗಿ ಬಂದಿರೋದು. ಪಕ್ಕದ ಸೀಟಲ್ಲಿ ಒಂದು ನೊಣಾನೂ ಕೂತಿಲ್ಲ’ ಅಂದ. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ, ಬಣ್ಣಕ್ಕೆಂದು ಬಿಚ್ಚಿದ ನಂಬರ್ ಪ್ಲೇಟನ್ನೂ ಮತ್ತೆ ಹಾಕಿರಲಿಲ್ಲ. ಮೀಟರಿನಲ್ಲಿ ನೋಡಿದರೆ ಗಾಡಿ ಇನ್ನೂ ಪ್ರಾಯಕ್ಕೆ ಬಂದಿಲ್ಲ, ಅಷ್ಟು ಕಡಿಮೆ ಓಡಿದೆ. ಮೇಸ್ತ್ರಿ ಕೆಳಗೆ ತೂರಿದ. ನಾನು ಅಭ್ಯಾಸಬಲದಿಂದ ಎಡಗಡೆ ಬಾಗಿಲು ತೆಗೆದು ಕೂತೆ. ದಲ್ಲಾಳಿ ‘ಸಾರ್, ಸ್ಟೀರಿಂಗು ಆ ಕಡೆ’ ಅಂದ. ನಾನು ಎಲ್ಲ ಗಾಡಿಯನ್ನೂ ಈ ಕಡೆಯಿಂದಲೇ ಬಲ್ಲೆ ಅಂತ ಅವನಿಗೆ ಹೇಗೆ ಹೇಳಲಿ?

ಕೂತೆನಾ, ಬಲಗಾಲು ತಾನಾಗಿ ಮುಂದೆ ಹೋಯಿತು. ಹೋಗಿ ಒಂದು ಗುಳಿಯಲ್ಲಿ ಕೂತಿತು. ತನ್ನ ಚಪ್ಪಲಿಯೊಳಗೆ ಕಾಲು ಹೋಗುತ್ತದಲ್ಲ, ಹಾಗೆ.

ಬಗ್ಗಿ ನೋಡಿದರೆ ರಬ್ಬರ್ ಮ್ಯಾಟು ಸವೆದು ತೂತಾಗಿದೆ, ತೂತಿಗೆ ಟ್ಯೂಬಿನ ತೇಪೆ, ತೇಪೆಯೂ ಅರ್ಧ ಸವೆದಿದೆ. ಆ ತೇಪೆ ಹಾಕಿದವಳು ನೀನು. ನೀನು ಯಾವ ತಿರುವಿನಲ್ಲಿ ವೇಗ ಹೆಚ್ಚಿಸಿದರೂ ನಾನು ಇಲ್ಲದ ಬ್ರೇಕನ್ನು ತುಳಿಯುತ್ತಿದ್ದೆ. ‘ಬ್ರೇಕು ನನ್ನ ಹತ್ರ ಇದೆ ಕಣೋ, ನೀನು ನೆಲ ತುಳಿದರೆ ಗಾಡಿ ನಿಲ್ಲಲ್ಲ’ ಅಂತ ಬೈದೂ ಬೈದೂ ಸಾಕಾಗಿ, ಒಂದು ದಿನ ನೀನೇ ತೇಪೆ ಅಂಟಿಸಿ, ‘ತಗೋ, ಹೊಸ ಬ್ರೇಕ್ ಶೂ ಹಾಕ್ಸಿದೀನಿ’ ಅಂದಿದ್ದೆ.

ಗೊರಕೆ, ಅಕ್ಕಾ. ನಮ್ಮ ಗೊರಕೆ. ನೀಲಿ ಸೀರೆ ಉಡಿಸಿ, ವಯಸ್ಸು ಇಳಿಸಿ, ಮತ್ತೆ ವರಾನ್ವೇಷಣೆಗೆ ನಿಲ್ಲಿಸಿದ್ದರು. ಮದುವೆಗೆ ಮುಂಚೆ ನೀನು ಅದನ್ನು ಮಾರಿದಾಗ ನಾನೇ ತಾನೆ ಹೇಳಿದ್ದು, ಮಾರು, ಇಲ್ಲಿ ಓಡಿಸುವವರು ಯಾರು ಅಂತ. ಮೀಟರು ಹಿಂದೆ ತಿರುಗಿಸಿದವರು ಒಂದೇ ಏಟಿಗೆ ನಮ್ಮ ಮುಕ್ಕಾಲು ಪ್ರಯಾಣವನ್ನು ಅಳಿಸಿಹಾಕಿದ್ದಾರೆ. ಆ ಲೆಕ್ಕದಲ್ಲಿ ನಾವು ಇನ್ನೂ ನರ್ಸರಿಗೆ ಬೇಲಿಯೇ ಹಾಕಿಲ್ಲ. ನೊಣವೂ ಕೂತಿಲ್ಲವಂತೆ! ನೊಣ ಇಷ್ಟು ಮಾತಾಡುತ್ತದೆಯೇ?

ಸುಳ್ಳು ಯಾಕೆ, ಅಲ್ಲೇ ಕೊಂಡುಬಿಡೋಣ ಅನ್ನಿಸಿತು. ಬಾಯಿ ತೆಗೆದೂ ಆಗಿತ್ತು. ಅಷ್ಟರಲ್ಲಿ ಮೇಸ್ತ್ರಿ ಕೆಳಗಿನಿಂದ ಎದ್ದುಬಂದ. ಅವನಿಗೂ ಗುರುತು ಸಿಕ್ಕಿತ್ತು. ಅಂಗೈ ತುಂಬ ತುಕ್ಕು. ಈ ಮನುಷ್ಯ ಆವತ್ತು ಪೂರ್ತಿ ವಾಕ್ಯ ಹೇಳಿದ: ‘ಇದನ್ನ ತಗೊಂಡ್ರೆ ನೀವು ಗಾಡಿ ತಗೊಂಡಂಗಲ್ಲ.’ ಆಮೇಲೆ, ಬಾಯಿ ತಪ್ಪಿತೇನೋ ಅನ್ನುವ ಹಾಗೆ, ‘ಹೂಂ’ ಸೇರಿಸಿದ. ನಾನು ಹಿಂದೆ ಹೋಗಿ ಹಲಗೆಯನ್ನು ಒಬ್ಬನೇ ಎತ್ತಿ ನೋಡಿದೆ. ಎಡಗಡೆ ಕೊಂಡಿ ಹಾಕಿದೆ. ಬಲಗಡೆ ಜಾರಿತು. ಓಡಿಹೋಗಿ ಬಲಗಡೆ ಹಾಕಿದೆ. ಎಡಗಡೆ ಜಾರಿತು. ದಲ್ಲಾಳಿ ‘ಬಿಡಿ ಸಾರ್, ನಾನು ಹಿಡ್ಕೋತೀನಿ’ ಅಂದ. ಬೇಡಪ್ಪಾ ಅಂದು ಇಳಿಸಿ ಬಂದೆ.

ನಾಲ್ಕನೆಯದು ಗಾಜು ಸಾಗಿಸುವವನ ಗಾಡಿ. ಒಗೆದೂ ಒಗೆದೂ ಬಣ್ಣ ಹೋದ ಅಂಗಿಯ ಹಾಗಿದೆ ನೋಡುವುದಕ್ಕೆ. ಆದರೆ ಯೋಚಿಸು, ಕಿಟಕಿಯ ಗಾಜು ಹೊತ್ತುಕೊಂಡು ಓಡಾಡುವವನು ಯಾವತ್ತಾದರೂ ಗುಂಡಿಗೆ ಇಳಿಸಿರುತ್ತಾನೆಯೇ, ಗಕ್ಕನೆ ಬ್ರೇಕ್ ಹಾಕಿರುತ್ತಾನೆಯೇ? ಬಾನೆಟ್ಟು ತಣ್ಣಗಿತ್ತು, ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಹೊಗೆ ಇಲ್ಲ. ಎರಡೇ ಸೀಟು. ಹಿಂದುಗಡೆ ತಗ್ಗಿನಲ್ಲಿದೆ, ಮಣ್ಣಿನ ಚೀಲ ಎದೆವರೆಗೆ ಎತ್ತಬೇಕಿಲ್ಲ. ಹಲಗೆಗೆ ನಡುವೆ ಒಂದೇ ಚಿಲಕ. ಒಂದು ಕೈಯಲ್ಲಿ ಎತ್ತಿ ನೂಕಿದರೆ ಟಪ್ ಅಂತ ಕೂತುಕೊಳ್ಳುತ್ತದೆ. ‘ನಾನು ಒಬ್ಬನೇ ಅಲ್ವಾ ಸಾರ್, ಅದಕ್ಕೆ ಹಿಂಗೆ ಮಾಡಿಸ್ಕೊಂಡೆ’ ಅಂದ ಗಾಜಿನವನು. ನಾನೊಂದು ಸಲ, ಅವನೊಂದು ಸಲ ಆ ಚಿಲಕವನ್ನು ಹಾಕಿ ತೆಗೆದು ನೋಡಿದೆವು. ಇಬ್ಬರು ಒಂಟಿಗಳಿಗೆ ಮಾತಾಡಲು ಒಂದು ಚಿಲಕ ಸಾಕು.

ನಿನ್ನ ಬಕೆಟ್ ಪರೀಕ್ಷೆಯನ್ನೂ ಮಾಡಿದೆ. ಕಂಠದವರೆಗೆ ನೀರು ತುಂಬಿದ ಬಕೆಟ್ಟನ್ನು ಹಿಂದೆ ಇಟ್ಟು, ಮಾರ್ಕೆಟ್ ಸುತ್ತಿ, ಸೇತುವೆ ಹತ್ತಿಳಿದು ಬಂದಾಗ ಎಷ್ಟು ನೀರು ಉಳಿಯಿತು ಅಂತ. ಸಸಿಗಳಿಗೂ ಅಷ್ಟೇ ಕುಲುಕಾಟ ಅನ್ನುತ್ತಿದ್ದೆಯಲ್ಲ. ಮುಕ್ಕಾಲು ಬಕೆಟ್ ಉಳಿದಿತ್ತು. ನೀನು ಓಡಿಸಿದ್ದರೆ ಇನ್ನೂ ನಾಲ್ಕು ಬೆರಳು ಉಳಿಯುತ್ತಿತ್ತು.

ಓಡಿಸಿದ್ದು ನಾನು.

ಗೊತ್ತುಮಾಡಿಕೊಂಡೆ ಅಂದೆನಲ್ಲ, ಅವನೇ ಇವನು. ನೀನು ಊರು ಬಿಟ್ಟ ವಾರವೇ ನಾನು ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಬೆಳಿಗ್ಗೆ ನೀನು ಫೋನ್ ಮಾಡಿದಾಗಲೆಲ್ಲ ‘ಗಿಡಕ್ಕೆ ನೀರು ಹಾಕ್ತಿದ್ದೆ’ ಅಂದದ್ದು ಅದಕ್ಕೇ. ಕಲಿಸುವ ಹುಡುಗಿ ನನ್ನ ಅರ್ಧ ವಯಸ್ಸಿನವಳು, ‘ಅಂಕಲ್, ಮಾತು ಕಮ್ಮಿ ಮಾಡಿ, ಕ್ಲಚ್ ಪೂರ್ತಿ ಒತ್ತಿ’ ಅಂತ ಗದರುತ್ತಾಳೆ. ಅವಳ ಗಾಡಿಯಲ್ಲಿ ಎಡಗಡೆಯೂ ನಿಜವಾದ ಬ್ರೇಕು ಇದೆ, ಗೊತ್ತಾ? ಅದನ್ನು ನೋಡಿ ನನಗೆ ಎಷ್ಟು ಹೊಟ್ಟೆಕಿಚ್ಚಾಯಿತು! ಮೊದಲ ಪರೀಕ್ಷೆಯಲ್ಲಿ ಫೇಲು, ಎರಡನೆಯದರಲ್ಲಿ ಪಾಸು. ಲೈಸೆನ್ಸಿನ ಫೋಟೋದಲ್ಲಿ ಕಳ್ಳನ ಹಾಗೆ ಕಾಣುತ್ತೇನೆ. ಕಳ್ಳ ಕಾರಿನಲ್ಲಿ ಓಡುತ್ತಾನೆ, ನಾನು ಎರಡನೇ ಗೇರಿನಲ್ಲಿ.

ಒಂದು ವಿಷಯ ಮಾತ್ರ ಯಾರೂ ಹೇಳಿರಲಿಲ್ಲ. ಬಲಗಡೆ ಕೂತವರು ಎಡಗಡೆ ತಿರುಗುವ ಹಾಗಿಲ್ಲ. ಅಷ್ಟು ವರ್ಷ ನಾನು ಹೇಳಿದ ಜೋಕುಗಳಿಗೆಲ್ಲ ನೀನು ರಸ್ತೆ ನೋಡಿಕೊಂಡೇ ನಕ್ಕಿದ್ದೀಯ. ಮೊನ್ನೆ ಸೇತುವೆಯ ಮೇಲೆ ನನಗೊಂದು ಒಳ್ಳೆಯ ಜೋಕು ಹೊಳೆಯಿತು, ಹೇಳಿಯೂಬಿಟ್ಟೆ. ಪಕ್ಕದಲ್ಲಿ ಸೀಟ್ ಬೆಲ್ಟು ತೂಗಾಡಿತು. ಜೋಕು ಏನು ಅಂತ ಈಗ ನೆನಪಾಗುತ್ತಿಲ್ಲ.

ಇನ್ನು ನಿನ್ನ ಪ್ರಶ್ನೆಗೆ ಉತ್ತರ. ಗಾಜಿನವನ ಗಾಡಿ ಕೊಂಡಿದ್ದೇನೆ. ಅಂಗಳದಲ್ಲಿ ನಿಂತಿದೆ. ನರ್ಸರಿ ಮುಚ್ಚುವವನು ಗಾಡಿ ಕೊಳ್ಳುವುದಿಲ್ಲ. ಆ ಕಪಾಟಿನ ಬಗ್ಗೆ ಓದಿ ಕಣ್ಣು ಮಂಜಾಯಿತು. ಕನ್ನಡಕ ಬೇಕಾದೀತು, ಭಾವನಿಗೆ ಹೇಳು. ಆದರೆ ನಿಮ್ಮದು ಎರಡು ಸೀಟಿನ ಗಾಡಿ, ಈಗಷ್ಟೇ ಹೊರಟಿದೆ. ಮೂರನೆಯವನು ಹಿಂದೆ ಸಾಮಾನಿನ ಜೊತೆ ಕೂರಬೇಕಾಗುತ್ತದೆ. ನೀವು ಕೂರಿಸುವುದಿಲ್ಲ, ನಾನೇ ಹೋಗಿ ಕೂರುತ್ತೇನೆ, ನನಗೆ ಗೊತ್ತು. ಕಪಾಟಿನಲ್ಲಿ ನಿನ್ನ ಪುಸ್ತಕ ಇಡು. ಬೇಲಿಯ ಪಕ್ಕದ ನಿನ್ನ ದಾಸವಾಳ ಇಲ್ಲಿ ಬೇರು ಬಿಟ್ಟಿದೆ. ನೀನು ಬೇರೆ ಊರಿಗೆ ಹೋದರೂ ಅದು ಕದಲಲಿಲ್ಲ. ಅದಕ್ಕೆ ನೀರು ಹಾಕುವವನೂ ಕದಲದಿರಲಿ.

ಇಂತಿ
ಈಗ ಬಲಗಡೆ ಕೂರುವ
ನಿನ್ನ ತಮ್ಮ

ತಾ. ಕ.: ದರ್ಜಿ ನೀನು ಹೋದ ಮರು ತಿಂಗಳೇ ಅಂಗಡಿ ಖಾಲಿ ಮಾಡಿಕೊಂಡು ಅಣ್ಣನ ಊರಿಗೆ ಹೋದ. ಇಷ್ಟು ದಿನ ಕಾಗದದಲ್ಲಿ ಅವನನ್ನು ಕೂರಿಸಿಕೊಂಡಿದ್ದೆ, ಈಗ ಕಳಿಸಿಕೊಡುತ್ತಿದ್ದೇನೆ. ಬೈಯಬೇಡ.

ಯಾರ್ಡಿಗೆ ಇನ್ನೊಂದು ಸಲ ಹೋಗಿದ್ದೆ. ಗೊರಕೆಯ ಎಡಗಡೆ ಮ್ಯಾಟನ್ನು ಕೇಳಿದೆ. ‘ತೂತಾಗಿರೋ ಮ್ಯಾಟು ಏನಕ್ಕೆ ಸಾರ್?’ ಅಂತ ದಲ್ಲಾಳಿ ನಕ್ಕು ಸುಮ್ಮನೆ ಕೊಟ್ಟ. ತೊಳೆದು, ತೇಪೆಯ ಮೇಲೆ ಹೊಸ ತೇಪೆ ಅಂಟಿಸಿ, ಹೊಸ ಗಾಡಿಯ ಎಡಗಡೆ ಹಾಸಿದ್ದೇನೆ. ನಾನು ಓಡಿಸುವುದನ್ನು ನೋಡಿದರೆ ನಿನಗೂ ಒಂದು ಬ್ರೇಕು ಬೇಕಾಗುತ್ತದೆ. ನಿನ್ನ ಕಾಲಿಗೆ ಗುಳಿ ಸ್ವಲ್ಪ ದೊಡ್ಡದಾದೀತು, ಹೊಂದಿಸಿಕೋ. ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ, ದಿನ ತಿಳಿಸು. ಆ ಸೀಟಿನ ಮೇಲೆ ಇದುವರೆಗೆ ಒಂದು ಸಸಿಯನ್ನೂ ಇಟ್ಟಿಲ್ಲ.