ನಮ್ಮಪ್ಪನ ಮೂಳೆಗಳನ್ನು ಎಲ್ಲಿಟ್ಟಿದ್ದೀರಿ?

ಪುರಸಭೆಯ ಸ್ಮಶಾನಾಧಿಕಾರಿಗಳಾದ ಮಾನ್ಯರೇ,

ನಮ್ಮಪ್ಪನ ಮೂಳೆಗಳನ್ನು ನೀವು ಕಳೆದುಹಾಕಿದ್ದೀರಿ. ಭಾನುವಾರ ಅಮ್ಮನನ್ನು ಮಣ್ಣು ಮಾಡಬೇಕು, ಅಷ್ಟರೊಳಗೆ ಅವು ನನಗೆ ಬೇಕು. ಇದನ್ನು ಕೇಳಲು ನಿಮ್ಮ ಕಚೇರಿಗೆ ಬಂದೆ. ಸಾಹೇಬರು ಅಪ್ಪನಿಗೆ ಪ್ರತಿಮೆ ನಿಲ್ಲಿಸುವ ಸಭೆಯಲ್ಲಿದ್ದಾರೆ ಎಂದರು ಅಲ್ಲಿದ್ದವರು. ಬೇರೆ ದಾರಿ ಕಾಣದೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಸೆವೆರಿನೊ ಪಗ್ದಿಲಾವ್ ಯಾರೆಂದು ನಿಮಗೆ ಹೇಳಬೇಕಿಲ್ಲ. ‘ನಮ್ಮ ಪ್ರಾಂತ್ಯದಿಂದ ಇಂಗ್ಲಿಷಿನಲ್ಲಿ ಕಾದಂಬರಿ ಬರೆದ ಮೊದಲಿಗ’ ಎಂದು ಊರ ಬಾಗಿಲಲ್ಲಿ ನೀವೇ ಫಲಕ ಹಾಕಿಸಿದ್ದೀರಿ. ಆ ಕಾದಂಬರಿಗಳಲ್ಲಿ ಒಂದನ್ನಾದರೂ ಓದಿದ್ದೀರಾ ಎಂದು ಕೇಳಿ ಮುಜುಗರ ಮಾಡುವುದಿಲ್ಲ. ಅಮ್ಮನೂ ಓದಿರಲಿಲ್ಲ. ಅವಳಿಗೆ ತಿಳಿಯುತ್ತಿದ್ದುದು ನಮ್ಮ ಮನೆಮಾತು ಇಲೊಕಾನೊ ಒಂದೇ. ಆದರೆ ಅಪ್ಪ ಬರೆದದ್ದನ್ನೆಲ್ಲ ಸಂಜೆ ಅವಳಿಗೆ ಇಲೊಕಾನೊದಲ್ಲಿ ಹೇಳುತ್ತಿದ್ದರು. ಅವಳು ಮೀನು ಹೆರೆಯುತ್ತಾ ಕೇಳುತ್ತಿದ್ದಳು.

“ಸುಮ್ನಿರ್ರೀ, ಗಂಡ ಸತ್ತ ವಾರಕ್ಕೇ ಯಾವ ಹೆಂಗಸು ಹೀಗೆ ಭಾಷಣ ಬಿಗೀತಾಳೆ? ಮೊದಲು ಅವಳಿಗೆ ಒಂದು ತುತ್ತು ಊಟ ಹಾಕಿಸಿ, ಆಮೇಲೆ ಮಾತಾಡ್ಸಿ” ಎನ್ನುತ್ತಿದ್ದಳು.

ಅಪ್ಪ ಗೊಣಗುತ್ತಾ ಹೋಗಿ ಆ ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದರು. ಅವರ ಕಾದಂಬರಿಗಳಲ್ಲಿ ವಿಮರ್ಶಕರು ಹಾಡಿಹೊಗಳಿದ ಹೆಂಗಸರೆಲ್ಲ ನಮ್ಮ ಅಡುಗೆಮನೆಯಲ್ಲಿ ತಿದ್ದಿಸಿಕೊಂಡವರು.

ಕಳೆದ ನವೆಂಬರಿನ ಸತ್ತವರ ಹಬ್ಬಕ್ಕೆ ನಾನು ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಮನಿಲಾದಲ್ಲಿದ್ದೆ. ಅಮ್ಮ ಒಬ್ಬಳೇ ಅಂಟಕ್ಕಿಯ ಕಡುಬು ಮಾಡಿಕೊಂಡು ಅಪ್ಪನಿಗೆ ಎಡೆ ಇಡಲು ಸ್ಮಶಾನಕ್ಕೆ ಹೋದಳು. ಮನೆಗೆ ಬಂದವಳೇ ಫೋನ್ ಮಾಡಿದಳು.

“ಲೂದಿ, ಸ್ಮಶಾನದ ಗೇಟಿಗೇ ನಿಮ್ಮಪ್ಪನ ಹೆಸರು ಹಾಕಿದಾರೆ ಕಣೇ! ದೊಡ್ಡ ಇಂಗ್ಲಿಷ್ ಕಾಗದ. ಮೊಹರು ಬೇರೆ!”

“ಏನಂತ ಬರೆದಿದಾರಮ್ಮ?”

“ಇನ್ನೇನ್ ಬರೀತಾರೆ? ಹೊಗಳಿರ್ತಾರೆ. ಅದರ ಕೆಳಗೂ ಒಂದು ಮೇಣದಬತ್ತಿ ಹಚ್ಚಿ ಬಂದೆ.”

ಅಪ್ಪನ ಹೆಸರಿದ್ದ ಇಂಗ್ಲಿಷ್ ಕಾಗದವೆಂದರೆ ನಮ್ಮ ಮನೆಯಲ್ಲಿ ಯಾವತ್ತೂ ಸನ್ಮಾನವೇ. ಪ್ರತಿಮೆಯ ಗದ್ದಲ ಬೇರೆ ಶುರುವಾಗಿತ್ತು. ನಾನೂ ನಂಬಿದೆ. ಆ ಕಾಗದ, ಮಾನ್ಯರೇ, ನಿಮ್ಮದು. ಶವಪೆಟ್ಟಿಗೆ ಇಟ್ಟ ಗೋಡೆಗೂಡಿನ ಬಾಡಿಗೆ ಅವಧಿ ಮುಗಿದಿದೆ, ತಿಂಗಳೊಳಗೆ ನವೀಕರಿಸದಿದ್ದರೆ ಅಸ್ಥಿಗಳನ್ನು ಹೊರತೆಗೆಯಲಾಗುವುದು ಎಂಬ ಸೂಚನೆ ಅದೆಂದು ನನಗೆ ತಿಳಿದದ್ದು ಈ ವಾರ. ಇಲೊಕಾನೊ ಬಿಟ್ಟು ಬೇರೇನೂ ತಿಳಿಯದ ಮುದುಕಿಯರು ಬಂದು ಹೋಗುವ ಜಾಗದಲ್ಲಿ ಇಂಗ್ಲಿಷ್ ಸೂಚನೆ ಯಾರಿಗಾಗಿ? ಒಳಗೆ ಮಲಗಿದ್ದವರಿಗಾಗಿಯೇ? ಹಾಗಿದ್ದರೆ ಸರಿ, ನಮ್ಮಪ್ಪ ಅದನ್ನು ಚೆನ್ನಾಗಿಯೇ ಓದುತ್ತಿದ್ದರು. ಒಂದೆರಡು ತಪ್ಪನ್ನೂ ತಿದ್ದುತ್ತಿದ್ದರು.

ಅಮ್ಮ ಮಂಗಳವಾರ ತೀರಿಕೊಂಡಳು. ಅವಳನ್ನು ಅಪ್ಪನ ಗೂಡಿನಲ್ಲೇ ಇಟ್ಟು, ಅವರ ಮೂಳೆಗಳನ್ನು ಬಿಳಿಬಟ್ಟೆಯಲ್ಲಿ ಕಟ್ಟಿ ಅವಳ ಕಾಲ ಬಳಿ ಇಡಬೇಕಿತ್ತು. ನಮ್ಮ ಪದ್ಧತಿ ಹಾಗೆ, ನಿಮ್ಮದೂ ಹಾಗೆಯೇ. ಗೂಡು ತೆರೆಸಲು ಹೋದರೆ ಅದರ ಮೇಲೆ ಇನ್ಯಾರದೋ ಹೆಸರು. ಸ್ಮಶಾನ ಕಾಯುವ ತೆಬಾನ್ ತಲೆ ತಗ್ಗಿಸಿದ.

“ಅಕ್ಕಾ, ಚೀಲದಲ್ಲಿ ಕಟ್ಟಿ ಹಿಂದಿನ ಕೋಣೆಗೆ ಹಾಕಿದ್ವಿ. ಮಳೆಗಾಲದಲ್ಲಿ ನೀರು ನುಗ್ಗಿ ಹೆಸರಿನ ಚೀಟಿಗಳೆಲ್ಲ ಹೋದ್ವು. ಬೀಗದ ಕೈ ಸಾಹೇಬ್ರ ಹತ್ರ ಇದೆ. ನನ್ನ ಬೈಬೇಡಿ.”

ಅಮ್ಮ ನಡುಮನೆಯಲ್ಲಿ ಮಲಗಿದ್ದಾಳೆ. ಶವ ಕಾಯಲು ಬಂದವರು ಪದ್ಧತಿಯಂತೆ ರಾತ್ರಿಯಿಡೀ ಕಾಫಿ ಕುಡಿಯುತ್ತಾರೆ, ಇಸ್ಪೀಟು ಆಡುತ್ತಾರೆ, ನನ್ನನ್ನು ಕಂಡೊಡನೆ “ಅಪ್ಪನ್ನ ಕರಕೊಂಡು ಬಂದ್ಯಾ?” ಎಂದು ಕೇಳುತ್ತಾರೆ. ನನಗೆ ದಿಕ್ಕೇ ತೋಚುತ್ತಿಲ್ಲ. ಇದರ ನಡುವೆ ನಿಮ್ಮ ಜವಾನ ಪ್ರತಿಮೆ ಅನಾವರಣದ ಆಮಂತ್ರಣ ಕೊಟ್ಟು ಹೋಗಿದ್ದಾನೆ. ಆ ಸಿಮೆಂಟಿನ ಅಪ್ಪನನ್ನು ಕಟ್ಟಿಕೊಂಡು ನಾನೇನು ಮಾಡಲಿ?

ಕೋಣೆ ತೆರೆಸಿ. ಎಷ್ಟು ಚೀಲಗಳಿದ್ದರೂ ನಾನೇ ಹುಡುಕುತ್ತೇನೆ. ಚಿಕ್ಕಂದಿನಲ್ಲಿ ಎಮ್ಮೆ ತುಳಿದು ಅಪ್ಪನ ಬಲಗಾಲು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು, ಗುರುತು ಹಿಡಿಯುತ್ತೇನೆ. ಬೇಕಾದರೆ ನಿಮ್ಮ ಕಾಲಿಗೆ ಬೀಳುತ್ತೇನೆ. ಅದೂ ಆಗದು ಎನ್ನುವುದಾದರೆ ಭಾನುವಾರ ಪೆಟ್ಟಿಗೆ ಮುಚ್ಚುವ ಮುಂಚೆ ನಮ್ಮ ಮನೆಗೆ ಬನ್ನಿ. ಆ ಕಾಗದದಲ್ಲಿ ಏನಿತ್ತೆಂದು ಅಮ್ಮನಿಗೆ ನೀವೇ ಇಲೊಕಾನೊದಲ್ಲಿ ಹೇಳಿ. ನನ್ನ ಕೈಲಿ ಆಗುತ್ತಿಲ್ಲ.

ಇಂತಿ,
ಊರಿನ ಹೆಮ್ಮೆಯನ್ನು ಚೀಲಗಳಲ್ಲಿ ಹುಡುಕಲು ಸಿದ್ಧಳಾಗಿ ಕೂತಿರುವ
ಲುದಿವಿನಾ ಪಗ್ದಿಲಾವ್