ಬ್ಲೇಡಿನ ಕೋಲು

ಫೆಬ್ರವರಿ ೩, ಸೋಮವಾರ. ಬೆಳಿಗ್ಗೆ ೮

ಗಂಜಿ, ಬೇಯಿಸಿದ ಬಾಳೆಕಾಯಿ, ಚಿಟಿಕೆ ಉಪ್ಪು. ಮಿಷನ್ನಿನ ಕೋಲನ್ನು ಪಾತ್ರೆಯ ತಳಕ್ಕೆ ಮುಟ್ಟಿಸಿ ಆಮೇಲೆ ಸ್ವಿಚ್. ಎತ್ತಿ ಒತ್ತಿದರೆ ಗೋಡೆಗೆಲ್ಲ ಗಂಜಿ. ಮೊದಲ ದಿನದ ಪಾಠ ಅದು. ಇವರಿಗೆ ಲಕ್ವ ಹೊಡೆದು ಐದು ತಿಂಗಳು. ದಿನಕ್ಕೆ ಮೂರು ಸಲ ಇದೇ.

ಕೈಯಲ್ಲಿ ಹಿಡಿದು ಗಂಜಿ ನುಣ್ಣಗೆ ತಿರುಗಿಸುವ ಈ ಮಿಷನ್ ತಂದವಳು ಸೊಸೆ ಮಾಲತಿ. "ನಿಮ್ಗೆ ಆರಾಮ ಆಗ್ಲಿ ಅತ್ತೆ." ಒಂದೇ ಹಿಡಿಗೆ ಸಿಕ್ಕಿಸಲು ಬ್ಲೇಡಿನ ಕೋಲು, ಮೊಸರು ಕಡೆಯಲು ತಂತಿಯ ಕೋಲು, ಒಂದು ಚಟ್ನಿ ಡಬ್ಬಿ. ಆರಾಮ ಆದದ್ದು ಇವರ ಹಲ್ಲಿಗೆ.

ಸದ್ದು ನಿಂತ ಕೂಡಲೇ ಬಾಯಿ ತೆರೆಯುತ್ತಾರೆ, ಹಕ್ಕಿಮರಿಯ ಹಾಗೆ. ನಲವತ್ತೆಂಟು ವರ್ಷ ನನ್ನ ಸಾರಿಗೆ ಕೊಂಕು ತೆಗೆದ ಬಾಯಿ!

ಫೆಬ್ರವರಿ ೫

ಕಾಯ್ಕಿಣಿಯಿಂದ ಒಡಹುಟ್ಟಿದ ಗಣಪಕ್ಕನ ಫೋನು. "ತಂಗಿ, ಕೂತ್ರೆ ಏಳೂಕೆ ಆಗೂದಿಲ್ಲ. ಒಂದ್ಸಲ ಬಂದು ಮೋರೆ ತೋರ್ಸಿ ಹೋಗೆ."

ಅವಳ ಹೊಟ್ಟೆಯ ಗಡ್ಡೆಗೆ ಇನ್ನು ಔಷಧಿ ಇಲ್ಲ ಅಂತ ಡಾಕ್ಟರು ಅಂದರಂತೆ. ಬರುತ್ತೇನೆ ಅಂದೆ. ನಮ್ಮೂರು ಬಾಡದಿಂದ ಕಾಯ್ಕಿಣಿಗೆ ಎಷ್ಟು ದೂರ? ಬಸ್ಸು ಬದಲಿಸಿದರೂ ಮಧ್ಯಾಹ್ನದೊಳಗೆ ಸಿಗುತ್ತದೆ. ನನಗೆ ಮಾತ್ರ ಅದು ಕಾಶಿ.

ಫೆಬ್ರವರಿ ೮, ಎರಡನೇ ಶನಿವಾರ

ಮಾಲತಿಗೆ ಆಫೀಸಿಲ್ಲ. ಅವಳೇ ಗಂಜಿ ತಿರುಗಿಸಿದಳು. ನಾನು ಸೀರೆ ಉಟ್ಟು, ಚೀಲ ಹಿಡಿದು ಬಾಗಿಲಲ್ಲಿ.

"ಮಾವ, ಬಾಯಿ ಬಿಡಿ."

ತುಟಿ ಬಿಗಿ. ಬೀಗ ಜಡಿದ ಹಾಗೆ.

"ಅವ್ಳು... ಅವ್ಳು ಕೊಡ್ಲಿ."

ಒಂದು ಗಂಟೆ ಕಾದೆ. ಮಾಲತಿಯ ಕಣ್ಣಲ್ಲಿ ನೀರು. ಚೀಲ ಗೂಟಕ್ಕೆ ಹಾಕಿ ಒಳಗೆ ಬಂದೆ. ನಾನು ಚಮಚ ಹಿಡಿದ ಕೂಡಲೇ ಬಾಯಿ ತೆರೆಯಿತು.

ನುಂಗುವುದು ಸರಿಯಾಗಿದೆ, ಮೆತ್ತಗಿನ ಅನ್ನ ಕೊಡಿ ಅಂತ ಡಾಕ್ಟರು ಹೋದ ತಿಂಗಳೇ ಹೇಳಿದ್ದರು. ಕೊಟ್ಟರೆ ಉಗುಳುತ್ತಾರೆ.

ಫೆಬ್ರವರಿ ೧೯

ಬರೆಯಲು ಎಂತ ಇದೆ. ಗಂಜಿ. ಗಂಜಿ. ಗಂಜಿ.

ಚಕ್ಕುಲಿ ಡಬ್ಬಿ ಅರ್ಧ ಖಾಲಿ. ಮೊಮ್ಮಗಳು ವಂದನಾಗೆ ಬೈದೆ. "ನಾ ಮುಟ್ಲೇ ಇಲ್ಲ ಅಜ್ಜಿ" ಅಂತ ಅತ್ತಳು. ಸುಳ್ಳುಬುರುಕಿ.

ಅಕ್ಕ ಈಗ ದಿನಾ ಫೋನು ಮಾಡುವುದಿಲ್ಲ. ಮಾಡಿದರೂ ದನಿ ಕೇಳುವುದಿಲ್ಲ... ಉಸಿರೇ ಹೆಚ್ಚು.

ಫೆಬ್ರವರಿ ೨೧, ಶುಕ್ರವಾರ. ಮಧ್ಯಾಹ್ನ ೧

ಗಂಜಿ ತಿರುಗಿಸುತ್ತಿದ್ದೆ. ಕರೆಂಟು ಹೋಯಿತು. ಮಿಷನ್ ಗಪ್ಪಂತ ನಿಂತಿತು.

ಕಟುಂ.

ಇಲಿ ಅಂದುಕೊಂಡೆ. ಮತ್ತೆ ಕಟುಂ, ಕಟುಂ. ಇವರ ಕೋಣೆಯಿಂದ.

ಹೋಗಿ ನೋಡಿದರೆ ಮಂಚದ ಪಕ್ಕದ ಕಪಾಟು ತೆರೆದಿದೆ, ತೊಡೆಯ ಮೇಲೆ ಚಕ್ಕುಲಿ ಡಬ್ಬಿ. ಮೀಸೆಯಲ್ಲಿ ಎಳ್ಳು.

"ಎಷ್ಟ್ ದಿನಾ ಆತು ಇದು?"

"ಮಿಷನ್ ತಿರ್ಗುವಾಗ... ನಿಂಗೆ ಕೇಳೂದಿಲ್ಲ."

"ಕಲ್ಲು ಅಗಿಯೂ ಹಲ್ಲು! ಅಲ್ಲಿ ನನ್ನಕ್ಕ ಸಾಯೂಕೆ ಬಿದ್ದದೆ. ನಿಮ್ಗೆ ಗಂಜಿ ಕುಡ್ಸೂಕೆ ನಾನು ಇಲ್ಲಿ!"

ಡಬ್ಬಿಯನ್ನು ತೊಡೆಯಿಂದ ಬದಿಗೆ ಸರಿಸಿದರು. ಆಮೇಲೆ, "ನೀ ಹೋದ್ರೆ... ತಿರ್ಗಿ ಬರೂದಿಲ್ಲ."

ಬೈಯಲು ಬಾಯಿ ತೆರೆದೆ. ಬೈಯದೆ ಡಬ್ಬಿಗೆ ಮುಚ್ಚಳ ಹಾಕಿದೆ. ಒಮ್ಮೆ ಹೊರಟರೆ ಬರುವುದಿಲ್ಲ ಅಂತ ಒಲೆಯ ಮುಂದೆ ಎಷ್ಟು ಸಲ ಅಂದುಕೊಂಡಿಲ್ಲ ನಾನು! ಮನಸ್ಸಿನಲ್ಲೇ. ಅದು ಇವರಿಗೆ ಕೇಳಿಸಿದ್ದು ಹೇಗೆ?

ವಂದನಾಳನ್ನು ಕರೆದು ತಲೆ ಸವರಿದೆ. ಯಾಕೆ ಅಂತ ಹೇಳಲಿಲ್ಲ.

ಫೆಬ್ರವರಿ ೨೨, ಶನಿವಾರ. ಬೆಳಿಗ್ಗೆ ೭

ಮಾಲತಿ ಮನೆಯಲ್ಲಿದ್ದಾಳೆ. ಬ್ಲೇಡಿನ ಕೋಲನ್ನು ಹಿಡಿಯಿಂದ ಕಳಚಿ, ಒರೆಸಿ, ಹಳೇ ಪಂಚೆ ತುಂಡಿನಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿದೆ. ನಾನು ಬರೆಯುವ ಈ ಪಟ್ಟಿ ಪುಸ್ತಕವೂ ಚೀಲಕ್ಕೇ.

"ಮೆತ್ತಗೆ ಅನ್ನ ಬೇಯ್ಸಿ ಕೊಡು. ಬೇಡ ಅಂದ್ರೆ ಚಕ್ಕುಲಿ ಅದೆ, ಅವ್ರಿಗೆ ಗೊತ್ತು" ಅಂದೆ.

"ಅತ್ತೆ, ಮಿಷನ್ದು ಕೋಲು ಎಲ್ಲಿ?"

"ನನ್ ಸಂಗ್ತಿಗೆ ಬರ್ತದೆ."

ಹೊರಡುವಾಗ ಕೋಣೆಯೊಳಗೆ ಇಣುಕಿದೆ. ಇವರು ಬಾಯಿ ತೆರೆದು ಕೂತಿದ್ದರು. ಮಿಷನ್ನಿನ ಸದ್ದೇ ಆಗಿರಲಿಲ್ಲ.

೧೦ ಗಂಟೆ

ಬಸ್ಸು ಹೊನ್ನಾವರದ ಸೇತುವೆ ಮೇಲೆ. ಅಕ್ಷರ ಕುಣಿಯುತ್ತಿದೆ. ಚೀಲದ ಕೋಲು ಮೊಣಕಾಲಿಗೆ ಒತ್ತುತ್ತಿದೆ. ಫೋನು ಬಡಿದುಕೊಳ್ಳುತ್ತಿದೆ. ಅಕ್ಕನದಲ್ಲ, ಮನೆಯದು. ಎತ್ತಿದರೆ ಇಳಿಯಬೇಕಾದೀತು. ಎತ್ತದಿದ್ದರೆ —