ನಿಂತಲ್ಲೇ ಒದರುವ ಗಾಡಿ

ಕೊಟ್ಟೂರು
೨೪-೧೧-೧೯೯೮, ಮಂಗಳವಾರ

ನನ್ನ ತಮ್ಮ ರಾಮಾಂಜನೇಯನಿಗೆ ಅಕ್ಕನ ಪ್ರೀತಿ.

ಹೆಂಗ ಅದೀಯಪ್ಪಾ? ಮೊಣಕಾಲು ನೋವು ಕಡಿಮಿ ಆತೇನು? ಯಶೋಧಾ ಹೆಂಗ ಅದಾಳ, ಹಡಗಲಿ ನೀರು ನಿನ್ನ ಹೆಂಡತಿಗೆ ಒಗ್ಗಿತೇನು? ನೀನು ಗೋದಾಮಿನಾಗ ಚೀಲ ಹೊರಾಕ ಹೊಂಟೀ ಅಂತ ಕೇಳಿದೆ. ಸ್ಟೇರಿಂಗ್ ಹಿಡಿದು ಬೆಳೆದ ಕೈ ಅವು.

ಸುದ್ದಿ ಅಂದರೆ ನಿಮ್ಮ ಭಾವ ಬಿಟ್ಟು ಹೋದ ಅಂಬಾಸಿಡರಿನದೇ. ನೀ ಹೋದ ಮ್ಯಾಲೂ, ನಿಂತಲ್ಲೇ ಇಂಜಿನ್ ಜೋರಾಗಿ ಒದರೋದು ನಿಲ್ಲಲಿಲ್ಲ. ನಿನ್ನ ಜಾಗಕ್ಕ ಕೂಡಿಸಿದ ಗಂಗಪ್ಪ ಒಂದಿನ ಎರಡೂ ಕಾಲು ಮಡಚಿ ಸೀಟಿನ ಮ್ಯಾಲೆ ಇಟ್ಟುಕೊಂಡು, 'ನೋಡು ನಾಗಕ್ಕಾ, ಈಗ ಯಾರ ಕಾಲು ಎಕ್ಸಿಲೇಟರ್ ಒತ್ತತೈತಿ ಹೇಳು' ಅಂದ. ಗಾಡಿ ಹಿಟ್ಟಿನ ಗಿರಣಿಯಂಗ ಒದರತಾನೇ ಇತ್ತು. ಆವತ್ತು ಟ್ಯಾಕ್ಸಿ ಸ್ಟ್ಯಾಂಡಿನಾಗ ಎಲ್ಲರ ಮುಂದ ನಿನಗ 'ನಿಂದು ಭಾರದ ಕಾಲು ಲೇ, ನಿಂತ ಗಾಡಿಗೂ ಪೆಟ್ರೋಲ್ ಕುಡಿಸ್ತೀ' ಅಂತ ಕೀಲಿ ಕಸಿದುಕೊಂಡಾಕಿ ನಾನು. ಮರುದಿನವೇ ನೀ ಯಶೋಧಾನ ಕರಕೊಂಡು ಹಡಗಲಿ ಬಸ್ಸು ಹತ್ತಿದಿ. ನನಗ ತಿರುಗಿ ಬೈದಿದ್ದರ ಚಲೋ ಇತ್ತು.

ಮೆಕ್ಯಾನಿಕ್ ಮಾಬುಸಾಬನನ್ನ ಕರೆಸಿದೆ. ಬೆಳಿಗ್ಗೆ ಚಾಲೂ ಮಾಡಾಕ ಎಳೆಯೋ ಚೋಕ್ ಪೂರಾ ಒಳಗ ಹೋಗೈತೇನು ಅಂತ ನೋಡಿದ, ಹೋಗಿತ್ತು. ಕಾರ್ಬೊರೇಟರಿನ ಸ್ಕ್ರೂ ಬಿಚ್ಚಿದಷ್ಟೂ ಬಿಚ್ಚಿದ, ಒದರಾಟ ಇಳೀಲಿಲ್ಲ. ಎಲ್ಲಿಂದಾದರೂ ಗಾಳಿ ಎಳೀತೈತೇನೋ ಅಂತ ಪೈಪಿನ ಸಂದಿಗೆಲ್ಲಾ ನೀರು ಚಿಮುಕಿಸಿ ಕಿವಿಗೊಟ್ಟ, ಸಪ್ಪಳ ಬದಲಾಗಲಿಲ್ಲ. ಕಡಿಗೆ ಕೈ ಒರೆಸಿಕೊಂಡು ದೂರ ನಿಂತು ಇಂಜಿನಿನ ಕಡೆ ಬೆರಳು ತೋರಿಸಿದ. ಎಕ್ಸಿಲೇಟರಿನ ತಂತಿ ಎಳೆಯೋ ಸಣ್ಣ ಕಡ್ಡಿಗೆ ಒಂದು ಕೆಂಪು ದಾರ ಸುತ್ತಿ ಗಂಟು ಹಾಕಿತ್ತು, ಕಡ್ಡಿ ತನ್ನ ಜಾಗಕ್ಕ ವಾಪಸ್ ಕೂಡಾಕ ಅದು ಬಿಡತಿರಲಿಲ್ಲ. 'ಮೊದಲೇ ಕಂಡಿತ್ತಕ್ಕಾ. ಆಯುಧಪೂಜಿ ದಾರ, ನಾ ಹೆಂಗ ಕೈ ಹಚ್ಚಲಿ? ಅದಕ್ಕ ಬ್ಯಾರೆ ಎಲ್ಲಾ ಹುಡುಕಿದೆ. ನೀವೇ ಬಿಚ್ಚಿರಿ' ಅಂದ. ಬಿಚ್ಚಿದೆ. ಅತ್ತು ಅತ್ತು ಸಾಕಾದ ಕೂಸಿನಂಗ ಗಾಡಿ ತಣ್ಣಗಾತು.

ಯಾರು ಕಟ್ಟಿದ್ದು ಅಂತ ಕೇಳಿದ. ಯಶೋಧಾ ಇರಬೇಕು ಅಂದೆ. ಪಾಪ, ಗಂಡನ ಮ್ಯಾಲಿನ ಜೀವಕ್ಕ ಕಟ್ಟ್ಯಾಳ. ಆಕಿಗೆ ಬೈಯಬ್ಯಾಡ.

ಚೀಲ ಹೊರೂವಾಗ ಸೊಂಟ ಜ್ವಾಕಿ. ನೀವಿಬ್ಬರೂ ಹೊತ್ತಿಗೆ ಸರಿಯಾಗಿ ಉಣ್ಣರಿ, ನನ್ನ ಆಯುಷ್ಯವೂ ನಿಮಗೇ ಇರಲಿ.

ನಿನ್ನ ಅಕ್ಕ,
ನಾಗಕ್ಕ

ತಾ.ಕ.: ಟಪಾಲು ಡಬ್ಬಿತನಕ ಹೋಗಿ ತಿರುಗಿ ಬಂದೆ. ದಾರ ಕಟ್ಟಿದ್ದು ಯಶೋಧಾ ಅಲ್ಲ, ನಾನು. ಹರಪನಹಳ್ಳಿ ದಾರ್ಯಾಗ ಲಾರಿ ಉಜ್ಜಿಕೊಂಡು ಹೋತು ಅಂತ ನೀ ಹೇಳಿದ್ದಿ. ಅದಕ್ಕ ಪೂಜಿ ದಿನ ನೀ ಜಳಕಕ್ಕ ಹೋದಾಗ, ಆಡೋ ಕಡ್ಡಿ ಇದೇ ಗಾಡಿ ಜೀವ ಅಂತ ತಿಳಿದು ಅದಕ್ಕೇ ಕಟ್ಟಿದೆ. ಮೊನ್ನೆ ಬಿಚ್ಚುವಾಗ ನನ್ನ ಗಂಟು ನನಗ ಗುರುತು ಸಿಕ್ಕಿತು, ಬಾಯಿಗೆ ಮಾತ್ರ ಯಶೋಧಾನ ಹೆಸರು ಬಂತು. ಮ್ಯಾಲಿನ ಸಾಲು ಹೊಡೆದು ಹಾಕಿಲ್ಲ, ನಿಮ್ಮ ಅಕ್ಕ ಎಂಥಾಕಿ ಅಂತ ಇಬ್ಬರೂ ಓದಿರಿ. ಮಾಬುಸಾಬಗೂ ಸ್ಟ್ಯಾಂಡಿನವರಿಗೂ ಈಗಲೇ ಹೋಗಿ ಹೇಳತೀನಿ. ಭಾನುವಾರ ಗಂಗಪ್ಪನ ಕೂಡ ಗಾಡಿ ತಗೊಂಡು ಬರತೀನಿ. ಕೀಲಿ ನಿನ್ನ ಕೈಯಾಗ ಇಡತೀನಿ. ನೀ ಗಾಡಿ ಹೊಡಕೊಂಡು ನಮ್ಮನ್ನ ಕೊಟ್ಟೂರಿಗೆ ಕರಕೊಂಡು ಬಂದರೆ ಸರಿ, ಇಲ್ಲಾಂದ್ರ ಗಾಡಿ ನಿನ್ನ ಬಾಗಿಲಾಗೇ ಇರಲಿ, ನಾವು ಬಸ್ಸಿಗೆ ತಿರುಗಿ ಬರತೀವಿ.